ಫೋಕೋಮ್ಯಾಟ್, ಡರ್ಸ್ಟ್, ಒಮೆಗಾ: ಒಂದೇ ನೆಗೆಟಿವ್, ಮೂರು ಎನ್‌ಲಾರ್ಜರ್

ಜರ್ಮನಿಯ ಲೈಟ್ಜ್ ಕಂಪನಿಯ ಫೋಕೋಮ್ಯಾಟ್ 1ಸಿ, ಇಟಲಿಯ ಡರ್ಸ್ಟ್ ಎಂ605 ಮತ್ತು ನ್ಯೂಯಾರ್ಕಿನ ಸಿಮ್ಮನ್ ಸಹೋದರರ ಒಮೆಗಾ ಡಿ2, ನೆಗೆಟಿವ್‌ನ ಚಿತ್ರವನ್ನು ಹಿಗ್ಗಿಸಿ ಪೇಪರಿನ ಮೇಲೆ ಬೀಳಿಸುವ ಈ ಮೂರು ಎನ್‌ಲಾರ್ಜರ್‌ಗಳು ಬೇರೆ ಬೇರೆ ಕಾಲದಲ್ಲಿ ನನ್ನ ಸಂಗ್ರಹಕ್ಕೆ ಬಂದವು. ಮೂರನ್ನೂ ಕಪಾಟಿನ ಅಲಂಕಾರವಾಗಿಸದೆ ಪ್ರಿಂಟ್ ತೆಗೆಯಲು ಬಳಸಿದ್ದೇನೆ. ಹೋಲಿಕೆಗೆಂದು, ಸುಣ್ಣ ಬಳಿದ ಗೋಡೆಗೆ ಏಣಿಯೊಂದನ್ನು ಒರಗಿಸಿಟ್ಟ ಚಿತ್ರವಿರುವ ಒಂದೇ 35 ಮಿ.ಮೀ. ಕಪ್ಪು-ಬಿಳುಪು ನೆಗೆಟಿವ್ ಆರಿಸಿಕೊಂಡು, ಒಂದೇ ಪೊಟ್ಟಣದ ಮಲ್ಟಿಗ್ರೇಡ್ ಪೇಪರಿನ (ಬೆಳಕಿನ ಬಣ್ಣ ಬದಲಿಸಿ ಕಾಂಟ್ರಾಸ್ಟ್ ಹೊಂದಿಸಬಹುದಾದ ಕಾಗದ) ಮೇಲೆ ಸುಮಾರು ಆರು ಪಟ್ಟು ಹಿಗ್ಗಿಸಿ, ಲೆನ್ಸಿನ ರಂಧ್ರವನ್ನು ಎಫ್/8ರಲ್ಲಿಟ್ಟು ಪ್ರಿಂಟ್ ಮಾಡಿದೆ. ಫೋಕೋಮ್ಯಾಟಿನಲ್ಲಿ ಅದರದೇ 50 ಮಿ.ಮೀ. ಫೋಕೋಟಾರ್ ಲೆನ್ಸ್ ಇತ್ತು. ಉಳಿದೆರಡರಲ್ಲಿ 50 ಮಿ.ಮೀ. ಇಎಲ್-ನಿಕ್ಕಾರ್ ಬಳಸಿದೆ.

ಫೋಕೋಮ್ಯಾಟಿನ ಹೆಸರು ಉಳಿದಿರುವುದು ಅದರ ಸ್ವಯಂಚಾಲಿತ ಫೋಕಸ್‌ನಿಂದ. ದೀಪ ಮತ್ತು ಲೆನ್ಸ್ ಇರುವ ತಲೆಯನ್ನು ಮೇಲೆತ್ತಿದಂತೆ ಅಥವಾ ಇಳಿಸಿದಂತೆ ತೋಳಿನೊಳಗಿನ ಕ್ಯಾಮ್ (ಬಾಗಿದ ಅಂಚಿನ ಲೋಹದ ತುಂಡು) ಲೆನ್ಸನ್ನು ತಾನಾಗಿಯೇ ಸರಿಸುತ್ತದೆ. ಚಿತ್ರ ದೊಡ್ಡದಾಗುತ್ತಲೇ ಸ್ಪಷ್ಟವಾಗಿಯೂ ಉಳಿಯುವುದನ್ನು ಮೊದಲ ಸಲ ನೋಡಿದಾಗ ನಾನು ನಾಲ್ಕೈದು ಬಾರಿ ಸುಮ್ಮನೆ ಮೇಲೆ ಕೆಳಗೆ ಮಾಡುತ್ತ ಕುಳಿತಿದ್ದೆ. ಆದರೆ ಈ ಸುಖಕ್ಕೆ ಷರತ್ತುಗಳಿವೆ. ಲೆನ್ಸಿನ ನಿಜವಾದ ನಾಭಿದೂರ ಒಂದರಿಂದ ಒಂದಕ್ಕೆ ಕೂದಲೆಳೆಯಷ್ಟು ಬೇರೆಯಾಗಿರುವುದರಿಂದ, ಲೆನ್ಸ್ ಬದಲಿಸಿದರೆ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಪೇಪರ್ ಹಿಡಿಯುವ ಈಸೆಲ್‌ನ ದಪ್ಪ ಬದಲಾದರೂ ಲೆಕ್ಕ ತಪ್ಪುತ್ತದೆ. ಯಂತ್ರವನ್ನು ಅದರ ಮೂಲ ಲೆನ್ಸ್ ಮತ್ತು ಈಸೆಲ್ ಸಮೇತ ಕೊಳ್ಳುವುದೇ ಲೇಸು.

ಇದರಲ್ಲಿ ದೀಪದ ಬೆಳಕನ್ನು ಒಟ್ಟುಗೂಡಿಸಿ ನೇರವಾಗಿ ಫಿಲ್ಮಿನ ಮೇಲೆ ಹಾಯಿಸುವ ಗಾಜಿನ ಮಸೂರದ, ಅಂದರೆ ಕಂಡೆನ್ಸರಿನ, ತಳವೇ ಫಿಲ್ಮಿನ ಮೇಲೆ ಕುಳಿತು ಅದನ್ನು ಚಪ್ಪಟೆಯಾಗಿ ಹಿಡಿಯುತ್ತದೆ. ಹೀಗಾಗಿ ಬಿಸಿಗೆ ಫಿಲ್ಮ್ ಉಬ್ಬುವುದಿಲ್ಲ, ಅಂಚಿನವರೆಗೂ ಕಣಗಳು ಚೂಪಾಗಿ ಬೀಳುತ್ತವೆ. ತೊಂದರೆಯಿರುವುದೂ ಅಲ್ಲೇ: ಫಿಲ್ಮಿನ ಹೊಳೆಯುವ ಬೆನ್ನು ಗಾಜಿಗೆ ತಾಗುವುದರಿಂದ, ಗಾಳಿಯಲ್ಲಿ ತೇವವಿದ್ದ ದಿನ ಬಿಳಿ ಗೋಡೆಯ ಮೇಲೆ ಎಣ್ಣೆ ಚೆಲ್ಲಿದಂತೆ ನ್ಯೂಟನ್ ಉಂಗುರಗಳೆಂಬ ಸುತ್ತುಗೆರೆಗಳು ಮೂಡಿದವು. ಫಿಲ್ಮ್ ಎಳೆಯುವ ಮೊದಲು ಸನ್ನೆಕೋಲು ಒತ್ತಿ ಕಂಡೆನ್ಸರನ್ನು ಫಿಲ್ಮಿನಿಂದ ಮೇಲೆತ್ತಬೇಕು. ಒಮ್ಮೆ ನಾನು ಅವಸರದಲ್ಲಿ ಎತ್ತದೆಯೇ ಎಳೆದೆ. ಆ ಏಣಿಯ ನಾಲ್ಕನೆಯ ಮೆಟ್ಟಿಲಿನ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು.

ಆ ಗೀರೇ ಮುಂದೆ ನನ್ನ ಅಳತೆಗೋಲಾಯಿತು. ಬೆನ್ನಿನ ಕಡೆಯ ಗೀರು ಬೆಳಕನ್ನು ಅಡ್ಡದಾರಿಗೆ ತಿರುಗಿಸುವುದರಿಂದ ಪ್ರಿಂಟಿನಲ್ಲಿ ಬಿಳಿಗೆರೆಯಾಗಿ ಬೀಳುತ್ತದೆ. ಫೋಕೋಮ್ಯಾಟಿನ ಪ್ರಿಂಟಿನಲ್ಲಿ ಅದು ಎದ್ದು ಕಾಣುತ್ತಿತ್ತು. ಡರ್ಸ್ಟ್‌ನ ಕಲರ್ ಹೆಡ್‌ನಲ್ಲಿ ಹ್ಯಾಲೋಜನ್ ಬೆಳಕು ಬಿಳಿ ಗೋಡೆಗಳ ಪೆಟ್ಟಿಗೆಯೊಳಗೆ ಚದುರಿ ಎಲ್ಲ ದಿಕ್ಕಿನಿಂದಲೂ ಫಿಲ್ಮಿನ ಮೇಲೆ ಬೀಳುವ ಕಾರಣ, ಅದೇ ಗೀರನ್ನು ಭೂತಗನ್ನಡಿ ಹಿಡಿದು ಹುಡುಕಬೇಕಾಯಿತು. ಕಾಂಟ್ರಾಸ್ಟ್‌ನ ವಿಷಯದಲ್ಲೂ ವ್ಯತ್ಯಾಸವಿತ್ತು. ನೆಗೆಟಿವ್‌ನ ಬೆಳ್ಳಿಯ ಕಣಗಳು ನೇರ ಬೆಳಕನ್ನು ಚದುರಿಸಿ ಕಳೆದುಹಾಕುವುದರಿಂದ ದಟ್ಟ ಭಾಗಗಳು ಕಂಡೆನ್ಸರಿನಡಿ ಇನ್ನಷ್ಟು ದಟ್ಟವಾಗಿ ವರ್ತಿಸುತ್ತವೆ. 1909ರಲ್ಲಿ ಇದನ್ನು ಅಳೆದ ಕ್ಯಾಲಿಯೇ ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಫೋಕೋಮ್ಯಾಟಿನಲ್ಲಿ ಪೇಪರಿನ 2ನೇ ಗ್ರೇಡ್ (ಅಂಕಿ ಏರಿದಂತೆ ಕಾಂಟ್ರಾಸ್ಟ್ ಏರುತ್ತದೆ) ಸಾಕಾದ ಕಡೆ ಡರ್ಸ್ಟ್‌ನಲ್ಲಿ ಸುಮಾರು 3 ಬೇಕಾಯಿತು. ಗ್ರೇಡ್ ಹೊಂದಿಸಿದ ಮೇಲೆ ಗೋಡೆಯ ಸುಣ್ಣದ ಛಾಯೆಗಳಲ್ಲಿ ಯಾವುದು ಯಾವುದರ ಪ್ರಿಂಟ್ ಎಂದು ನನಗೇ ಹೇಳಲಾಗಲಿಲ್ಲ. ಕಂಡೆನ್ಸರಿನ ಪ್ರಿಂಟಿನಲ್ಲಿ ಏನೋ ಒಂದು ಜೀವಕಳೆ ಇರುತ್ತದೆ ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ, ಈಗ ನಂಬುವುದಿಲ್ಲ.

ಡರ್ಸ್ಟ್‌ನಲ್ಲಿ ಹಳದಿ ಮತ್ತು ಮೆಜೆಂಟಾ ಗುಂಡಿಗಳನ್ನು ತಿರುಗಿಸಿಯೇ ಗ್ರೇಡ್ ಬದಲಿಸಬಹುದು. ಆದರೆ ಅತಿ ಗಡುಸಾದ 5ನೇ ಗ್ರೇಡಿಗೆ ಮೆಜೆಂಟಾವನ್ನು ಪೂರ್ತಿ ತಿರುಗಿಸಿದರೂ ಸಾಲದು. ಅಲ್ಲಿ ಲೆನ್ಸಿನ ಕೆಳಗೆ ಇಡುವ ಫಿಲ್ಟರೇ ಬೇಕು. ಈ ತಲೆಯೊಳಗಿನ ಡೈಕ್ರೋಯಿಕ್ ಫಿಲ್ಟರ್‌ಗಳು (ತೆಳು ಲೇಪವಿರುವ ಗಾಜು) ಜೆಲಾಟಿನ್ ಹಾಳೆಗಳಂತೆ ಬಣ್ಣಗೆಡುವುದಿಲ್ಲ. ಆದ್ದರಿಂದ ಹಳೆಯ ತಲೆಯನ್ನು ಕೊಳ್ಳುವಾಗ ನೋಡಬೇಕಾದದ್ದು ಬೆಳಕಿನ ಪೆಟ್ಟಿಗೆಯ ಒಳಗೋಡೆಯನ್ನು: ಅದು ಹಳದಿಗಟ್ಟಿದ್ದರೆ ಹಳದಿ ಫಿಲ್ಟರಿನಂತೆ ಕೆಲಸ ಮಾಡಿ ಪ್ರಿಂಟನ್ನು ಸಪ್ಪೆಯಾಗಿಸುತ್ತದೆ.

ಒಮೆಗಾ ಬೇರೆಯೇ ಜಾತಿ. ಓರೆಯಾಗಿ ನಿಂತ ಜೋಡಿ ಕಂಬಗಳ ಮೇಲೆ ಸ್ಪ್ರಿಂಗಿನ ಆಸರೆಯಲ್ಲಿ ಏರಿಳಿಯುವ, 4×5 ಇಂಚಿನ ನೆಗೆಟಿವ್‌ವರೆಗೆ ಹಿಡಿಸುವ ಈ ಯಂತ್ರದಲ್ಲಿ 35 ಮಿ.ಮೀ. ಪ್ರಿಂಟ್ ಮಾಡುವುದು ಸಣ್ಣ ಕೆಲಸಕ್ಕೆ ದೊಡ್ಡ ಕೊಡಲಿ ಎತ್ತಿದಂತೆ. ಲೆನ್ಸು, ನೆಗೆಟಿವ್, ಪೇಪರ್ ಮೂರೂ ಸಮಾಂತರವಾಗಲು ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಕಪ್ಪಾಗಿ ಹಾಳಾದ ಫಿಲ್ಮಿನ ನಾಲ್ಕು ಮೂಲೆಗಳಲ್ಲಿ ಸೂಜಿಯಿಂದ ಗೆರೆ ಕೊರೆದು, ಒಂದೊಂದು ಮೂಲೆಯನ್ನೂ ಗ್ರೇನ್ ಫೋಕಸರ್ ಎಂಬ ಭೂತಗನ್ನಡಿಯಲ್ಲಿ ನೋಡುತ್ತ ಸರಿಪಡಿಸಿದೆ. ಅದಾದ ಮೇಲೆ ಗುಣಮಟ್ಟದಲ್ಲಿ ಕೊರತೆಯೇನೂ ಕಾಣಲಿಲ್ಲ. ಇದೂ ಕಂಡೆನ್ಸರ್ ಯಂತ್ರವೇ ಆದ್ದರಿಂದ ಗೀರು ಫೋಕೋಮ್ಯಾಟಿನಷ್ಟೇ ಸ್ಪಷ್ಟವಾಗಿ ಕಂಡಿತು.

ಅದರ ನಿಜವಾದ ತೊಡಕು ಬಿಡಿಭಾಗಗಳದು. 50 ಮಿ.ಮೀ. ಲೆನ್ಸಿಗೆ ಚಪ್ಪಟೆ ತಟ್ಟೆ ಸಾಕು, 135 ಮಿ.ಮೀ. ಲೆನ್ಸಿಗೆ ಉದ್ದನೆಯ ಕೋನ್ ಬೇಕು. ಫಿಲ್ಮಿನ ಅಳತೆಗೆ ತಕ್ಕಂತೆ ಕಂಡೆನ್ಸರನ್ನೂ ಬದಲಿಸಬೇಕು. ನನಗೆ ಮಾರಿದವರು ಎಲ್ಲವೂ ಇದೆ ಎಂದಿದ್ದರು. ಪೆಟ್ಟಿಗೆ ಬಿಚ್ಚಿದಾಗ ಕೋನ್ ಇರಲಿಲ್ಲ. ಅಷ್ಟು ಭಾರದ ಕಬ್ಬಿಣವನ್ನು ಹುಡುಕುವುದಕ್ಕಿಂತ ಅಂಗೈಯಗಲದ ಆ ತುಂಡನ್ನು ಹುಡುಕುವುದೇ ಕಷ್ಟವಾಯಿತು.

ಈಗ ದಿನನಿತ್ಯದ ಕೆಲಸಕ್ಕೆ ಡರ್ಸ್ಟ್ ಮೇಜಿನ ಮೇಲಿದೆ. ಒಂದೇ ರೋಲಿನ ಅನೇಕ ಚಿತ್ರಗಳನ್ನು ಬೇರೆ ಬೇರೆ ಅಳತೆಯಲ್ಲಿ ತೆಗೆಯಬೇಕಾದಾಗ ಮಾತ್ರ ಫೋಕೋಮ್ಯಾಟನ್ನು ಎಳೆದುಕೊಳ್ಳುತ್ತೇನೆ, ಒಣಹವೆ ಇರುವ ದಿನ ನೋಡಿ. ಒಮೆಗಾ 4×5ಕ್ಕೆ ಮೀಸಲು. ಏಣಿಯ ನೆಗೆಟಿವನ್ನಂತೂ ಇನ್ನು ಡರ್ಸ್ಟ್‌ನಲ್ಲೇ ಹಾಕುತ್ತೇನೆ.