ಡಯಟ್ ಫುಡ್ಡಾ, ಮನೆ ಊಟಾನಾ?

ದಪ್ಪಗಾದ ನಾಯಿ, ಬೆಕ್ಕಿಗೆ ಪಶು ಡಾಕ್ಟರ್ ಬರೆದುಕೊಡುವ ತೂಕ ಇಳಿಸುವ ಫುಡ್ ದುಬಾರಿ, ನಿಜ. ಆದರೆ ಅದರಲ್ಲಿ ಪ್ರೋಟೀನು, ನಾರು ಜಾಸ್ತಿ, ಕ್ಯಾಲೊರಿ ಕಡಿಮೆ, ಹೊಟ್ಟೆಯೂ ತುಂಬುತ್ತದೆ. ಅನ್ನ-ಚಿಕನ್ ಅಗ್ಗ, ನಾಯಿಗೂ ಇಷ್ಟ, ಆದರೆ ಸುಮ್ನೆ ಅಳತೆ ಕಡಿಮೆ ಮಾಡಿದರೆ ಪೋಷಕಾಂಶವೂ ಕಡಿಮೆಯಾಗುತ್ತದೆ.

ಜಯನಗರದ ನಮ್ಮ ಮನೆಯಲ್ಲಿ ಲೋಟದಲ್ಲಿ ಅಳೆಯುವುದನ್ನು ಬಿಟ್ಟು ಅಡುಗೆ ತಕ್ಕಡಿಯಲ್ಲಿ ಗ್ರಾಂ ಲೆಕ್ಕ ಶುರು ಮಾಡಿದ ಮೇಲೆಯೇ, ಅಜ್ಜಿ ಕಾಫಿ ಜೊತೆ ಕೊಡುತ್ತಿದ್ದ ಬಿಸ್ಕತ್ತನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆಯೇ, ತೂಕ ಇಳಿದು ನಮ್ಮ ಲ್ಯಾಬ್ರಡಾರ್‌ನ ಪಕ್ಕೆಲುಬು ಕೈಗೆ ಸಿಕ್ಕಿದ್ದು. ಬಿಸ್ಕತ್ತಿನಂಥ ತಿಂಡಿ ದಿನದ ಕ್ಯಾಲೊರಿಯಲ್ಲಿ 10% ದಾಟಬಾರದು.

ಬೆಕ್ಕಿಗಾದರೆ ನಾನು ಡಯಟ್ ಫುಡ್ಡನ್ನೇ ಆರಿಸುತ್ತೇನೆ, ಅದೂ ನಿಧಾನವಾಗಿ ಬದಲಿಸಿ. ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಲಿವರ್‌ಗೆ ಕೊಬ್ಬು ತುಂಬಿ ಜೀವಕ್ಕೇ ಅಪಾಯ, ಉಪವಾಸ ಮಾತ್ರ ಬೇಡವೇ ಬೇಡ.