ಟೈಮಿಂಗ್ ಚೈನ್ ಹೋಗಿದೆ ಅಂತ 26,000 ಕಿತ್ತರು, ಒಂದು ಬೋಲ್ಟನ್ನೂ ಬಿಚ್ಚಿರಲಿಲ್ಲ

ಬಾಗಲಕೋಟೆ ನವನಗರದ ಕಡೆ ಗಾಡಿ ರಿಪೇರಿಗೆ ಬಿಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ. ಆದರೆ ಆಗಿದ್ದನ್ನು ಆದ ಹಾಗೆ ಹೇಳುತ್ತೇನೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನದು 2014ರ ಸ್ವಿಫ್ಟ್ ಡೀಸೆಲ್. ಫಿಯಟ್‌ನ ಅದೇ 1248 ಸಿಸಿ ಇಂಜಿನ್, ಬೆಲ್ಟ್ ಅಲ್ಲ, ಟೈಮಿಂಗ್ ಚೈನ್ ಇರುವುದು. ಪಿಸ್ಟನ್ ಏರಿಳಿಯುವುದಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚುವಂತೆ ಮಾಡುವ ಚೈನ್ ಅದು. ಹೋದ ತಿಂಗಳು ಟಿಕ್ ಟಿಕ್ ಸದ್ದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಇನ್ನೂ ಜಾಸ್ತಿ. ಗ್ಯಾರೇಜಿಗೆ ಒಯ್ದೆ. ಗ್ಯಾರೇಜಿನವನು ಬಾನೆಟ್ ಎತ್ತಿ ಅರ್ಧ ನಿಮಿಷ ಕೇಳಿದ, ಅಷ್ಟೇ. ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆಯಲಿಲ್ಲ.

“ಟೈಮಿಂಗ್ ಚೈನ್ ಲೂಸ್ ಆಗೇತ್ರೀ ಸರ್. ಹಾದ್ಯಾಗ ಚೈನ್ ಜಿಗೀತಂದ್ರ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡೀತಾವ. ಫುಲ್ ಇಂಜಿನ್ ಕೆಲಸ ಬರ್ತದ. ನೋಡ್ರಿ, ನಿಮ್ಮ ಇಚ್ಛಾ.”

ಚೈನ್ ಹಲ್ಲು ಜಿಗಿದರೆ ಹಾಗಾಗುವುದು ನಿಜ. ಅದಕ್ಕೇ ಹೆದರಿದೆ. ತಿಂಗಳ ಕೊನೆಗೆ ಅವ್ವನನ್ನು ಬೆಳಗಾವಿಗೆ, ಅಕ್ಕನ ಮನೆಗೆ ಬಿಡಬೇಕಿತ್ತು. ಯರಗಟ್ಟಿ ದಾರಿಯಲ್ಲಿ ಅವ್ವನನ್ನು ಕೂರಿಸಿಕೊಂಡು ಗಾಡಿ ನಿಂತರೆ? 26,000 ಅಂದ, ಹೂಂ ಅಂದೆ. ಎರಡು ದಿನ ಬಿಟ್ಟು ಗಾಡಿ ಕೊಟ್ಟ. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಟಿಕ್ ಟಿಕ್. ಅದೇ ಸದ್ದು!

ಫೋನ್ ಮಾಡಿದೆ. “ಹೊಸಾ ಚೈನ್ ಐತ್ರಿ, ಸೆಟ್ ಆಗಬೇಕು. ಐನೂರು ಕಿಲೋಮೀಟರ್ ಓಡಸ್ರಿ.” ಓಡಿಸಿದೆ. ಮತ್ತೆ ಹೋದೆ. “ಡೀಸೆಲ್ ಗಾಡಿ ಅಂದಮ್ಯಾಲ ಸೌಂಡ್ ಇರೂದರೀ ಸರ್.” ಹಾಗಾದರೆ ಮೊದಲ ದಿನ ಅದೇ ಸೌಂಡ್ ಕೇಳಿ ಚೈನ್ ಹೋಗಿದೆ ಅಂದಿದ್ದು ಯಾಕೆ? ಉತ್ತರ ಇಲ್ಲ. ಹಳೆ ಚೈನ್ ಕೊಡಪ್ಪಾ ಅಂದೆ. ಒಳಗಿನಿಂದ ಒಂದು ಚೈನ್ ತಂದು ಪೇಪರಿನಲ್ಲಿ ಸುತ್ತಿ ಕೊಟ್ಟ. ಬಿಚ್ಚಿ ನೋಡದೆ ಸುಮ್ನೆ ಡಿಕ್ಕಿಗೆ ಹಾಕಿಕೊಂಡು ಬಂದೆ.

ಬೆಳಗಾವಿಯಲ್ಲಿ ಭಾವ ಸದ್ದು ಕೇಳಿ ಉದ್ಯಮಬಾಗ್ ಕಡೆಯ ವಯಸ್ಸಾದ ಮಿಸ್ತ್ರಿ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ಮೊದಲು ಆಯಿಲ್ ಕಡ್ಡಿ ಎಳೆದು ಲೆವಲ್ ನೋಡಿದರು. ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನು ಚೈನ್ ಕವರಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿದರು. ಅಲ್ಲಿ ಏನೂ ಇಲ್ಲ. ಪ್ಲಾಸ್ಟಿಕ್ ಕವರ್ ತೆಗೆದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಮೂರನೆಯದರ ಬುಡದಲ್ಲಿ ಡಾಂಬರಿನಂಥ ಕರಿ ಮೆತ್ತಿಕೊಂಡಿತ್ತು. ಸೋಪಿನ ನೀರು ಬಿಟ್ಟರು, ಬುಳುಬುಳು ಗುಳ್ಳೆ ಎದ್ದಿತು. ಕೆಳಗಿನ ತಾಮ್ರದ ವಾಷರ್ ಹೋಗಿ ಸಿಲಿಂಡರಿನ ಗ್ಯಾಸ್ ಹೊರಗೆ ನುಗ್ಗುತ್ತಿತ್ತು. ಸದ್ದು ಅದರದ್ದು.

ಚೈನ್ ಈಗಷ್ಟೇ ಹೊಸದು ಹಾಕಿಸಿದ್ದೇನೆ ಅಂದೆ. ಅವರು ಟಾರ್ಚ್ ಹಿಡಿದರು.

“ಸಾಹೇಬ್ರ, ಇಲ್ಲಿ ಪಾನಾ ಹತ್ತಿದ ಗುರ್ತ ಎಲ್ಲೈತ್ರೀ?”

ಚೈನ್ ಕವರಿನ ಬೋಲ್ಟುಗಳ ತಲೆ ಮೇಲೆ ಎಣ್ಣೆ ಕುಡಿದ ಧೂಳು ಗಟ್ಟಿಯಾಗಿ ಕೂತಿತ್ತು. ವರ್ಷಗಟ್ಟಲೆ ಹಳೆಯ ಧೂಳು. ಕವರಿನ ಅಂಚಿನಲ್ಲಿ ಹೊಸ ಸೀಲೆಂಟ್, ಅಂದರೆ ಕವರ್ ಕೂರಿಸುವಾಗ ಹಚ್ಚುವ ಅಂಟಿನ ಗುರುತೇ ಇಲ್ಲ. ಡಿಕ್ಕಿಯಿಂದ ಆ ಚೈನ್ ತಂದು ಪೇಪರ್ ಬಿಚ್ಚಿದೆ. ಕೈಗೆಲ್ಲ ತುಕ್ಕು ಹತ್ತಿತು. ಸದಾ ಆಯಿಲಿನಲ್ಲಿ ತೊಯ್ಯುವ ಚೈನಿಗೆ ತುಕ್ಕು ಎಲ್ಲಿಂದ ಬರಬೇಕು? ಭಾವನ ಮುಂದೆ ತಲೆ ಎತ್ತಲಾಗಲಿಲ್ಲ. ಬೋಲ್ಟ್ ಮುಟ್ಟದೆ 26,000!

ಇಂಜೆಕ್ಟರ್ ಬಿಚ್ಚಿ, ಸೀಟ್ ಕ್ಲೀನ್ ಮಾಡಿ, ಹೊಸ ವಾಷರ್ ಹಾಕಿದ್ದಕ್ಕೆ ಇವರು ತಗೊಂಡಿದ್ದು 1,900. ಸದ್ದು ನಿಂತಿತು.

ಗ್ಯಾರೇಜಿನವನಿಗೆ ಬೋಲ್ಟಿನ ಫೋಟೋ ಕಳಿಸಿದೆ. ಮೊದಲು “ಆ ಮಿಸ್ತ್ರಿಗೆ ಏನ್ ಗೊತ್ತರೀ” ಅಂದ. ಆಮೇಲೆ “ನಮ್ಮ ಹುಡುಗ್ರು ಮಾಡ್ಯಾರ, ನಾ ಊರಾಗ ಇರಲಿಲ್ಲ.” ಕೊನೆಗೆ “ಬಾಗಲಕೋಟಿಗೆ ಬಂದಾಗ ಕೂತ ಮಾತಾಡೂಣ್ರಿ.” ಈಗ ಫೋನೇ ಎತ್ತುತ್ತಿಲ್ಲ. ಬಿಲ್ಲಿನಲ್ಲಿ ‘ಟೈಮಿಂಗ್ ವರ್ಕ್’ ಅಂತ ಒಂದೇ ಸಾಲು. ಚೈನ್ ಕವರ್ ಬಿಚ್ಚಿದರೆ ಆಯಿಲ್ ಇಳಿಸಲೇಬೇಕು, ಅಲ್ವಾ? ಬಿಲ್ಲಿನಲ್ಲಿ ಆಯಿಲೇ ಇಲ್ಲ. ಅದನ್ನಾದರೂ ನಾನು ನೋಡಬೇಕಿತ್ತು.

ಚೈನ್ ಲೂಸಾದರೆ ಸದ್ದು ಸಾಮಾನ್ಯವಾಗಿ ಬೆಳಗಿನ ಮೊದಲ ಸ್ಟಾರ್ಟಿಗೆ ಗರಗರ ಅಂತ ಬರುತ್ತದೆ, ಅದೂ ಚೈನ್ ಕವರ್ ಕಡೆಯಿಂದ. ಆಯಿಲ್ ಪ್ರೆಶರ್ ಏರಿ, ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಬಿಗಿಯಾದ ಮೇಲೆ ಕಡಿಮೆಯಾಗುತ್ತದೆ. ಯಾರಾದರೂ ಚೈನ್ ಅಂದರೆ ಸದ್ದು ಎಲ್ಲಿಂದ ಅಂತ ಮೊದಲು ತೋರಿಸು ಅನ್ನಿ. ಕವರನ್ನು ನಿಮ್ಮ ಕಣ್ಣ ಮುಂದೆಯೇ ಬಿಚ್ಚಿಸಿ. ಹಳೆ ಚೈನನ್ನು ಆಯಿಲ್ ತೊಟ್ಟಿಕ್ಕುತ್ತಿರುವಾಗಲೇ ಇಸಿದುಕೊಳ್ಳಿ.

ಆ ತುಕ್ಕು ಚೈನ್ ನಾನು ಎಸೆದಿಲ್ಲ. ನಿಮಗೂ ಯಾರಾದರೂ ಇಂಥದ್ದೇ ‘ಹಳೆ ಚೈನ್’ ಕೊಟ್ಟಿದ್ದರೆ ತಿಳಿಸಿ, ಒಟ್ಟಿಗೇ ಹೋಗಿ ಅವನ ಮುಂದೆ ಇಡೋಣ.