ಒಂದೇ ಸ್ಪಿಟ್‌ಫೈರ್, ನಾಲ್ಕು ಸಾಫ್ಟ್‌ವೇರ್: ಸ್ಕಿನ್ ಮಾಡೋಕೆ ಯಾವುದು ಸರಿ?

ಕಾಂಬ್ಯಾಟ್ ಫ್ಲೈಟ್ ಸಿಮ್ಯುಲೇಟರ್‌ಗೆ (ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟ, ಚಿಕ್ಕದಾಗಿ ಸಿಮ್) ಸ್ವಂತ ಸ್ಕಿನ್, ಅಂದರೆ ವಿಮಾನದ ಮೈಮೇಲೆ ಕೂರುವ ಬಣ್ಣದ ಚಿತ್ರ, ಮಾಡೋಕೆ ಯಾವ ಸಾಫ್ಟ್‌ವೇರ್ ಹಿಡಿಯಬೇಕು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಒಂದೇ ವಿಮಾನಕ್ಕೆ ಒಂದೇ ಸ್ಕಿನ್ ಅನ್ನು ನಾಲ್ಕರಲ್ಲೂ ಮಾಡಿ ನೋಡಿದೆ. ಚಪ್ಪಟೆ ಚಿತ್ರ ಬಳಿಯುವ ಗಿಂಪ್, ಫೋಟೋಶಾಪ್; 3ಡಿ ಮಾಡೆಲ್ ಮೇಲೇ ಬಳಿಯಬಹುದಾದ ಬ್ಲೆಂಡರ್, ಸಬ್‌ಸ್ಟೆನ್ಸ್ ಪೇಂಟರ್.

ಆರಿಸಿಕೊಂಡದ್ದು ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 9, ಅದೂ 1944ರ ಜೂನ್ 6ರಂದು, ಮಿತ್ರಪಡೆಗಳು ಫ್ರಾನ್ಸ್‌ನ ತೀರಕ್ಕೆ ಇಳಿದ ದಿನ, ನಾರ್ಮಂಡಿಯ ಮೇಲೆ ಹಾರಿದ ರೂಪದಲ್ಲಿ. ಮೇಲೆ ಡಾರ್ಕ್ ಗ್ರೀನ್ ಮತ್ತು ಓಷನ್ ಗ್ರೇ, ಹೊಟ್ಟೆಗೆ ಮೀಡಿಯಂ ಸೀ ಗ್ರೇ. ಇದರ ಜೊತೆಗೆ ರೆಕ್ಕೆಗೂ ಬಾಲದ ಮುಂದಿನ ಮೈಗೂ ಬಿಳಿ-ಕಪ್ಪು ಪಟ್ಟೆ. ಮೂರು ಬಿಳಿ, ಎರಡು ಕಪ್ಪು. ಒಂಟಿ ಎಂಜಿನ್ ವಿಮಾನಕ್ಕೆ ಒಂದೊಂದು ಪಟ್ಟೆಯೂ 18 ಇಂಚು ಅಗಲ. ತಮ್ಮ ಕಡೆಯವರೇ ಗುಂಡು ಹಾರಿಸಬಾರದು ಅಂತ ದಾಳಿಗೆ ಸ್ವಲ್ಪ ಮುಂಚೆ ಅವಸರದಲ್ಲಿ ಬಳಿದದ್ದು ಇವು. ಎಷ್ಟೋ ವಿಮಾನಗಳಿಗೆ ಬ್ರಷ್ ಹಿಡಿದು ಕೈಯಲ್ಲೇ ಬಳಿದರು. ಹಾಗಾಗಿ ಅಂಚು ಸೊಟ್ಟ, ತೆಳುವಾದ ಕಡೆ ಬಿಳಿಯ ಕೆಳಗಿಂದ ಹಸಿರು ಇಣುಕುತ್ತದೆ. ನೇರ ಗೆರೆಯೂ ಬೇಕು, ಕೈಯಲ್ಲಿ ಬಳಿದ ಒರಟುತನವೂ ಬೇಕು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ.

ಮೊದಲು ಫೋಟೋಶಾಪ್. ಸಿಗುವ ಟೆಂಪ್ಲೇಟ್‌ಗಳು (ವಿಮಾನದ ಮೈಯನ್ನು ಬಿಚ್ಚಿ ಹರಡಿದ ಮಾದರಿ ಚಿತ್ರ) ಹೆಚ್ಚಾಗಿ ಪಿಎಸ್‌ಡಿ, ಅಂದರೆ ಫೋಟೋಶಾಪ್‌ನದ್ದೇ ಫೈಲ್‌ಗಳು. ಪ್ಯಾನೆಲ್ ಲೈನ್, ರಿವೆಟ್, ನೆರಳು ಎಲ್ಲ ಬೇರೆ ಬೇರೆ ಲೇಯರ್‌ನಲ್ಲಿ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥದ್ದು) ಇದ್ದಂತೆಯೇ ತೆರೆದುಕೊಳ್ಳುತ್ತವೆ. ಸ್ಕ್ವಾಡ್ರನ್ ಅಕ್ಷರಗಳನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಟ್ಟರೆ ಒಂದು ಕಡೆ ತಿದ್ದಿದ್ದು ಎಡ-ಬಲ ಎರಡೂ ಬದಿಗೆ ಬರುತ್ತದೆ. ಬಿಸಿಲಿಗೆ ಮಾಸಿದ ಹಸಿರು ಬೇಕು ಅಂದರೆ ಮೇಲೊಂದು ಅಡ್ಜಸ್ಟ್‌ಮೆಂಟ್ ಲೇಯರ್ ಸಾಕು, ಮೂಲ ಬಣ್ಣ ಹಾಗೇ ಇರುತ್ತದೆ. ಕೆಲಸ ಸರಾಗ. ಆದರೆ ಚಂದಾ ಕಟ್ಟುತ್ತಲೇ ಇರಬೇಕು. ವರ್ಷಕ್ಕೆ ಎರಡು-ಮೂರು ಸ್ಕಿನ್ ಮಾಡೋರಿಗೆ ಅದು ಜಾಸ್ತಿಯಾಯಿತು ಅನ್ನೋದು ನನ್ನ ಅಭಿಪ್ರಾಯ.

ಗಿಂಪ್ ಉಚಿತ. ಪಿಎಸ್‌ಡಿ ತೆರೆಯುತ್ತದೆ, ಆದರೆ ಎಲ್ಲವೂ ಇದ್ದಂತೆ ಬರೋದಿಲ್ಲ. ನನ್ನ ಟೆಂಪ್ಲೇಟ್‌ನಲ್ಲಿ ಲೇಯರ್‌ಗಳ ಬ್ಲೆಂಡ್ ಮೋಡ್ (ಕೆಳಗಿನ ಬಣ್ಣದ ಜೊತೆ ಬೆರೆಯುವ ರೀತಿ) ಒಂದೊಂದಾಗಿ ನೋಡಿ ಸರಿ ಮಾಡೋಕೆ ಅರ್ಧ ಗಂಟೆ ಹಿಡಿಯಿತು. ಅದು ಒಂದೇ ಸಲದ ಕೆಲಸ. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್‌ಗಳನ್ನು ಹಾಕಿದ ಮೇಲೂ ತಿದ್ದಬಹುದು. ಹಳೆಯ ಗಿಂಪ್ ಬಗ್ಗೆ ನನಗಿದ್ದ ದೊಡ್ಡ ತಕರಾರು ಅಲ್ಲಿಗೆ ಮುಗಿಯಿತು. ಹೊಸ ಸಿಮ್‌ಗಳು ಓದುವ ಡಿಡಿಎಸ್ ಅನ್ನೋ ಚಿತ್ರದ ಫೈಲ್ ಆಗಿ ಸೇವ್ ಮಾಡೋಕೂ ಬೇರೆ ಪ್ಲಗಿನ್ ಬೇಕಿಲ್ಲ. ಇಲ್-2 1946ರಂಥ ಹಳೆಯ ಸಿಮ್‌ಗೆ ಮಾಡ್ತೀರಾದರೆ ಯೋಚನೆಯೇ ಬೇಡ. ಅದಕ್ಕೆ ಬೇಕಾದ್ದು 1024 ಪಿಕ್ಸೆಲ್ ಚೌಕದ, 256 ಬಣ್ಣಗಳ ಬಿಎಂಪಿ ಫೈಲ್. ಗಿಂಪ್ ಧಾರಾಳ ಸಾಕು.

ಇವೆರಡಕ್ಕೂ ಒಂದೇ ಕೊರತೆ ಇದೆ. ನೀವು ಬಳಿಯೋದು ವಿಮಾನಕ್ಕಲ್ಲ, ಬಿಚ್ಚಿ ಹರಡಿದ ಅದರ ಚರ್ಮಕ್ಕೆ. ನನ್ನ ಟೆಂಪ್ಲೇಟ್‌ನಲ್ಲಿ ಒಂದು ಇಂಚಿಗೆ ಸುಮಾರು 10 ಪಿಕ್ಸೆಲ್. ಅಂದರೆ ಒಂದು ಪಟ್ಟೆಗೆ 180 ಪಿಕ್ಸೆಲ್. ಲೆಕ್ಕ ಹಾಕಿ, ಗೈಡ್ ಎಳೆದು, ಐದು ಪಟ್ಟೆ ನೀಟಾಗಿ ಹಾಕಿದೆ. ಸಿಮ್‌ನಲ್ಲಿ ತೆರೆದು ನೋಡಿದರೆ ಬದಿಯಿಂದ ಚೆನ್ನಾಗಿತ್ತು. ಕ್ಯಾಮೆರಾ ಹೊಟ್ಟೆಯ ಕೆಳಗೆ ಹೋದಾಗ ಎಡದಿಂದ ಬಂದ ಕಪ್ಪು ಪಟ್ಟೆ ಬಲದಿಂದ ಬಂದ ಕಪ್ಪಿಗೆ ಸೇರದೆ ಕೈ ಅಗಲ ಹಿಂದೆ ಉಳಿದಿತ್ತು. ಸ್ಪಿಟ್‌ಫೈರ್ ಮೈ ಬಾಲದ ಕಡೆ ಸಪೂರವಾಗುತ್ತಾ ಹೋಗುತ್ತದೆ. ಹಾಳೆಯ ಮೇಲೆ ನೇರ ಅನ್ನಿಸಿದ್ದು ವಿಮಾನದ ಮೇಲೆ ಓರೆ. ತಿದ್ದು, ಎಕ್ಸ್‌ಪೋರ್ಟ್ ಮಾಡು, ಸಿಮ್ ತೆರೆ, ನೋಡು. ಹನ್ನೊಂದು ಸಲ ಹೀಗೆ ಓಡಾಡಿದ ಮೇಲೆ ಪಟ್ಟೆ ಕೂಡಿಕೊಂಡಿತು.

ಬ್ಲೆಂಡರ್‌ನಲ್ಲಿ ಇದೇ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಆದರೆ ಅಲ್ಲಿಗೆ ಹೋಗೋಕೆ ವಿಮಾನದ 3ಡಿ ಮಾಡೆಲ್ ಬೇಕು. ಟೆಂಪ್ಲೇಟ್ ಸಿಕ್ಕಷ್ಟು ಸುಲಭವಾಗಿ ಮಾಡೆಲ್ ಸಿಗೋದಿಲ್ಲ. ಟೆಂಪ್ಲೇಟ್ ಮೇಲೆ ಕೂರುವ ಹಾಗೆ ನಾನೇ ಒಂದು ಒರಟು ಮೈ, ರೆಕ್ಕೆ, ಬಾಲ ಕಟ್ಟಿಕೊಂಡೆ. ಅದಕ್ಕೆ ಒಂದು ವಾರ ಹೋಯಿತು. ಚಕ್ರ, ಕಾಕ್‌ಪಿಟ್ ಯಾವುದೂ ಬೇಕಿಲ್ಲ, ಬಣ್ಣ ಬೀಳುವ ಮೈ ಇದ್ದರೆ ಸಾಕು. ಆಮೇಲೆ ಟೆಕ್ಸ್‌ಚರ್ (ಮಾಡೆಲ್ ಮೈಗೆ ಹೊದಿಸುವ ಚಿತ್ರ) ಪೇಂಟ್ ಅನ್ನೋ ವಿಧಾನದಲ್ಲಿ ವಿಮಾನದ ಮೇಲೇ ಪಟ್ಟೆ ಎಳೆಯಬಹುದು. ಬ್ರಷ್ ಹೊಟ್ಟೆಯ ಜೋಡಣೆ ದಾಟಿ ಆಚೆ ಬದಿಗೆ ತಾನಾಗಿಯೇ ಹೋಗುತ್ತದೆ. ಬಣ್ಣವನ್ನು ಜೋಡಣೆಯ ಅಂಚಿನಿಂದ ಆಚೆಗೂ ಹರಡುವ ಬ್ಲೀಡ್ ಅನ್ನೋ ಒಂದು ಸೆಟ್ಟಿಂಗ್ ಇದೆ, ಅದನ್ನು 16 ಪಿಕ್ಸೆಲ್‌ಗೆ ಏರಿಸಿ. ಇಲ್ಲದಿದ್ದರೆ ದೂರದಿಂದ ನೋಡುವಾಗ ಜೋಡಣೆ ಇದ್ದಲ್ಲೆಲ್ಲ ತೆಳು ಗೆರೆ ಕಾಣುತ್ತದೆ. ಬ್ಲೆಂಡರ್‌ನಲ್ಲಿ ಬಳಿಯೋಕೆ ಗಿಂಪ್‌ನಂಥ ಲೇಯರ್ ಪಟ್ಟಿ ಇಲ್ಲ. ಹಾಗಾಗಿ ನಾನು ಪಟ್ಟೆಯನ್ನೂ ಕ್ಯಾಮಫ್ಲಾಜ್ ಗಡಿಯನ್ನೂ ಬೇರೆ ಬೇರೆ ಚಿತ್ರವಾಗಿ ಬಳಿದು ಗಿಂಪ್‌ಗೆ ತಂದೆ. ಚಿತ್ರವನ್ನು ಬ್ಲೆಂಡರ್ ಫೈಲ್‌ನ ಜೊತೆಗಲ್ಲದೆ ಪ್ರತ್ಯೇಕವಾಗಿಯೂ ಸೇವ್ ಮಾಡೋದನ್ನು ಮರೀಬೇಡಿ.

ಸಬ್‌ಸ್ಟೆನ್ಸ್ ಪೇಂಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದೇ ಮಾಡೆಲ್ ಹಾಕಿ, ಅಲ್ಯೂಮಿನಿಯಂ ಮೇಲೆ ಹಸಿರು ಬಣ್ಣ ಕೂರಿಸಿ, ಅಂಚನ್ನು ತಾನಾಗಿಯೇ ಸವೆಸುವ ಜನರೇಟರ್ ಅನ್ನೋ ಸಾಧನ ಹಾಕಿದೆ. ಹತ್ತು ನಿಮಿಷದಲ್ಲಿ ವಿಮಾನ ಯುದ್ಧ ಮುಗಿಸಿ ಬಂದ ಹಾಗೆ ಕಂಡಿತು. ಬೆಳಕು ಬಿದ್ದಾಗ ಕಿತ್ತ ಕಡೆ ಲೋಹ ಮಿನುಗುತ್ತದೆ, ಬಣ್ಣ ಇದ್ದ ಕಡೆ ಮಂಕು. ಮೊದಲ ದಿನ ನಾನು ಪೂರ್ತಿ ಮರುಳಾದೆ.

ಮರುದಿನ ಹಳೆಯ ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಜನರೇಟರ್ ನೋಡೋದು ಆಕಾರವನ್ನು. ಚೂಪು ಅಂಚು ಎಲ್ಲಿದೆಯೋ ಅಲ್ಲೆಲ್ಲ ಸವೆಸುತ್ತದೆ, ಎಡಕ್ಕೂ ಬಲಕ್ಕೂ ಒಂದೇ ಸಮ. ನಿಜವಾದ ಸ್ಪಿಟ್‌ಫೈರ್ ಹಾಗೆ ಸವೆಯೋದಿಲ್ಲ. ಅದರ ಕಾಕ್‌ಪಿಟ್‌ನ ಪುಟ್ಟ ಬಾಗಿಲು ಇರೋದು ಎಡಬದಿಯಲ್ಲಿ. ಪೈಲಟ್ ಹತ್ತೋದು ಎಡ ರೆಕ್ಕೆಯ ಬುಡದ ಮೇಲೆ ಕಾಲಿಟ್ಟು. ಆದ್ದರಿಂದ ಬೂಟು ತಿಕ್ಕಿ ಬಣ್ಣ ಹೋಗೋದು ಅಲ್ಲಿ ಜಾಸ್ತಿ. ಇನ್ನು ರಡ್ಡರ್, ಅಂದರೆ ವಿಮಾನದ ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಹಲಗೆ. ಅದಕ್ಕೆ ಹೊದಿಸಿದ್ದು ಬಟ್ಟೆ. ಬಟ್ಟೆಯ ಮೇಲೆ ಬಣ್ಣ ಮಾಸುತ್ತದೆ, ಕೊಳೆಯಾಗುತ್ತದೆ, ಆದರೆ ಕಿತ್ತರೆ ಅಲ್ಯೂಮಿನಿಯಂ ಕಾಣೋಕೆ ಅಲ್ಲಿ ಅಲ್ಯೂಮಿನಿಯಂ ಎಲ್ಲಿದೆ? ನನ್ನ ಚೆಂದದ ಸ್ಕಿನ್‌ನ ರಡ್ಡರ್ ಅಂಚು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎಕ್ಸಾಸ್ಟ್ ಹೊಗೆಯ ಕಲೆಯೂ ಅಷ್ಟೇ. ಗಾಳಿ ಎಲ್ಲಿಗೆ ಎಳೆದುಕೊಂಡು ಹೋಗುತ್ತದೆ ಅನ್ನೋದನ್ನು ಫೋಟೋ ನೋಡಿ ಕೈಯಲ್ಲೇ ಎಳೆಯಬೇಕು.

ಪೇಂಟರ್‌ನಲ್ಲೂ ಬೇಡದ ಕಡೆ ಮರೆಮಾಡುವ ಮಾಸ್ಕ್ ಹಾಕಿ ಇದನ್ನೆಲ್ಲ ಕೈಯಲ್ಲಿ ಸರಿ ಮಾಡಬಹುದು. ನಾನು ಮಾಡಿದೆ ಕೂಡ. ಜನರೇಟರ್ ಬಳಿದದ್ದರಲ್ಲಿ ಮುಕ್ಕಾಲು ಪಾಲು ಅಳಿಸಿದ ಮೇಲೆ, ಗಿಂಪ್‌ನಲ್ಲಿ ಶುರುವಿನಿಂದ ಬಳಿದಿದ್ದರೂ ಇಷ್ಟೇ ಹೊತ್ತು ಆಗುತ್ತಿತ್ತು ಅನ್ನಿಸಿತು. ಒಂದು ವಿಷಯದಲ್ಲಿ ಮಾತ್ರ ಪೇಂಟರ್‌ಗೆ ಸರಿಸಾಟಿ ಇಲ್ಲ. ಡಿಸಿಎಸ್‌ನಂಥ ಸಿಮ್‌ಗೆ ಬಣ್ಣದ ಜೊತೆ ರಫ್‌ಮೆಟ್ ಅನ್ನೋ ಇನ್ನೊಂದು ಟೆಕ್ಸ್‌ಚರ್ ಬೇಕು. ಅದರ ಕೆಂಪು ಚಾನೆಲ್‌ನಲ್ಲಿ ಸಂದಿಗಳ ನೆರಳು, ಹಸಿರಿನಲ್ಲಿ ಒರಟುತನ, ನೀಲಿಯಲ್ಲಿ ಲೋಹ. ಪೇಂಟರ್‌ನಲ್ಲಿ ಒಂದು ಗೀರು ಎಳೆದರೆ ಬಣ್ಣ, ಒರಟುತನ, ಲೋಹ ಮೂರಕ್ಕೂ ಒಟ್ಟಿಗೆ ಬೀಳುತ್ತದೆ. ಗಿಂಪ್‌ನಲ್ಲಿ ಮೂರು ಕಪ್ಪು-ಬಿಳುಪು ಚಿತ್ರ ಮಾಡಿ ಕಂಪೋಸ್ ಆಜ್ಞೆಯಿಂದ ಕೂಡಿಸಬೇಕು. ಆಗದ ಕೆಲಸವಲ್ಲ, ತಾಳ್ಮೆ ಬೇಕು.

ಈಗ ನಾನು ಗೆರೆಗಳಿಗೆ ಬ್ಲೆಂಡರ್, ಉಳಿದದ್ದಕ್ಕೆಲ್ಲ ಗಿಂಪ್ ಅಂತ ನಿಂತಿದ್ದೇನೆ. ಲೋಹದ ಮೈಯನ್ನು ಬಣ್ಣ ಬಳಿಯದೆ ಹಾಗೇ ಬಿಟ್ಟ ಮುಸ್ಟಾಂಗ್‌ನಂಥ ವಿಮಾನ ಮಾಡೋದಾದರೆ ಪೇಂಟರ್ ಕಡೆಗೇ ಹೋಗುತ್ತೇನೆ. ಅಲ್ಲಿ ಹೊಳಪೇ ಮುಖ್ಯ.

ಸಾಫ್ಟ್‌ವೇರ್ ಯಾವುದೇ ಇರಲಿ, ಪಟ್ಟೆಗೆ ಅಚ್ಚ ಬಿಳಿ, ಅಚ್ಚ ಕಪ್ಪು ಹಾಕಬೇಡಿ. ಕಂಪ್ಯೂಟರ್ ಲೆಕ್ಕದಲ್ಲಿ ಸೊನ್ನೆ ಅಚ್ಚ ಕಪ್ಪು, 255 ಅಚ್ಚ ಬಿಳಿ. ಬಿಸಿಲಲ್ಲಿ 255ರ ಬಿಳಿ ಸುಟ್ಟ ಹಾಗೆ ಕಂಡು ರಿವೆಟ್ ಎಲ್ಲ ಮಾಯವಾಗುತ್ತದೆ. ನಾನು ಬಿಳಿಗೆ 215, ಕಪ್ಪಿಗೆ 35ರ ಆಸುಪಾಸಿನಲ್ಲಿ ಇಟ್ಟೆ.

ಕೊನೆಗೆ ಡಿಡಿಎಸ್. 4096 ಪಿಕ್ಸೆಲ್ ಚೌಕದ ಚಿತ್ರ ಡಿ.ಎಕ್ಸ್.ಟಿ.1 ಅನ್ನೋ ಕುಗ್ಗಿಸುವ ಪದ್ಧತಿಯಲ್ಲಿ 8 ಎಂಬಿ, ಡಿ.ಎಕ್ಸ್.ಟಿ.5 ಅಥವಾ ಬಿ.ಸಿ.7 ಪದ್ಧತಿಯಲ್ಲಿ 16 ಎಂಬಿ. ಮಿಪ್‌ಮ್ಯಾಪ್ (ದೂರದಿಂದ ತೋರಿಸೋಕೆ ಜೊತೆಗಿಡುವ ಅದೇ ಚಿತ್ರದ ಚಿಕ್ಕ ಪ್ರತಿಗಳು) ಸೇರಿಸಿದರೆ ಇದರ ಮೇಲೆ ಮೂರನೇ ಒಂದು ಪಾಲು ಜಾಸ್ತಿ. ಡಿ.ಎಕ್ಸ್.ಟಿ.1 ಚಿಕ್ಕದು ಅಂತ ಅದರಲ್ಲೇ ಹಾಕಿದೆ. ಹೊಟ್ಟೆಯ ಬೂದು ಬಣ್ಣದಲ್ಲಿ ಚೌಕ ಚೌಕವಾಗಿ ತುಸು ಹಸಿರು, ತುಸು ಗುಲಾಬಿ ಛಾಯೆ ಬಂತು. ಆ ಪದ್ಧತಿಯಲ್ಲಿ 4×4 ಪಿಕ್ಸೆಲ್‌ಗೆ ಒಂದು ಕಟ್ಟು. ಕೆಂಪು, ನೀಲಿಗೆ 5 ಬಿಟ್ ಕೊಟ್ಟು ಹಸಿರಿಗೆ 6 ಕೊಡುತ್ತದೆ, ಅದಕ್ಕೇ ಬೂದು ಬೂದುವಾಗಿ ಉಳಿಯೋದಿಲ್ಲ. ಎನ್‌ವಿಡಿಯಾದ ಟೆಕ್ಸ್‌ಚರ್ ಟೂಲ್ಸ್ ಎಕ್ಸ್‌ಪೋರ್ಟರ್‌ನಲ್ಲಿ ಬಿ.ಸಿ.7 ಮಾಡಿದೆ, ಹೊಟ್ಟೆ ಶುದ್ಧವಾಯಿತು. ನಿಮ್ಮ ಸಿಮ್ ಬಿ.ಸಿ.7 ಓದುತ್ತದಾ ಅಂತ ಒಂದು ಖಾಲಿ ಸ್ಕಿನ್ ಹಾಕಿ ಮೊದಲೇ ನೋಡಿಕೊಳ್ಳಿ.